ಸೂಜಿ ಚುಚ್ಚುವ ಹೊತ್ತಿಗೆ ಕಣ್ಮುಂದೆ ಹಿಮ ಸುರಿದರೆ...

ನಮ್ಮ ಕಡೆ ಮಕ್ಕಳಿಗೆ ಗುಮ್ಮನಿಗಿಂತ ಸೂಜಿಯ ಹೆದರಿಕೆ ಜಾಸ್ತಿ. ‘ಊಟ ಮಾಡ್ತೀಯೋ ಇಲ್ಲೋ? ಡಾಕ್ಟ್ರ ಕಡೆ ಕರಕೊಂಡು ಹೋಗಿ ಸೂಜಿ ಮಾಡಿಸ್ಲೇನು?’ ಅನ್ನೋ ಮಾತು ಕೇಳದೆ ಬೆಳೆದ ಮಗು ನಮ್ಮ ಸಂಶಿಯಲ್ಲಿ ಸಿಗೋದು ಕಷ್ಟ. ಗುರುವಾರ ಲಸಿಕೆಯ ದಿನ. ಆವತ್ತು ಆರೋಗ್ಯ ಕೇಂದ್ರದ ಹತ್ತಿರ ಹತ್ತು ನಿಮಿಷ ನಿಂತರೆ ಸಾಕು, ಮೂರು ಮಾತು ಖಾಯಂ ಕಿವಿಗೆ ಬೀಳುತ್ತವೆ. ಒಂದು, ‘ಏನೂ ಆಗೂದಿಲ್ಲ, ಇರಿವಿ ಕಡದಂಗ ಅಷ್ಟ.’ ಎರಡು, ‘ಗಂಡ್ಸಾಗಿ ಅಳ್ತಾರೇನೋ?’ ಮೂರು, ‘ಕೈಕಾಲು ಬಿಗಿ ಹಿಡಕೋರಿ.’

ಈ ಮಾತು ಆಡುವವರು ಯಾರೂ ಕೆಟ್ಟವರಲ್ಲ. ಅವ್ವ, ಅಜ್ಜಿ, ಆಶಾ ಕಾರ್ಯಕರ್ತೆ, ಸಿಸ್ಟರ್ ಎಲ್ಲರೂ ಮಗುವಿನ ಒಳ್ಳೇದಕ್ಕೇ ನಿಂತವರು. ಆದರೆ ಮೂರೂ ಮಾತಿನಲ್ಲಿ ಒಂದು ಅಂಶ ಕಾಣೋದಿಲ್ಲ. ‘ಹೌದು, ನಿನಗೆ ನೋವಾಗುತ್ತದೆ’ ಅಂತ ಯಾರೂ ಒಪ್ಪಿಕೊಳ್ಳೋದಿಲ್ಲ. ಮಕ್ಕಳ ನೋವು ಲೆಕ್ಕಕ್ಕಿಲ್ಲದ ನೋವು. ಅತ್ತು ಸುಮ್ಮನಾಗುತ್ತದೆ, ಎರಡು ಗಳಿಗೆಯಲ್ಲಿ ಮರೆಯುತ್ತದೆ ಎಂದುಕೊಂಡು ಮುಂದೆ ಹೋಗುತ್ತೇವೆ.

ನಾನು ವೈದ್ಯನಲ್ಲ. ಎಂಜಿನಿಯರಿಂಗ್ ಓದಿ, ವರ್ಚುವಲ್ ರಿಯಾಲಿಟಿ ಅಂದರೆ ವಿಆರ್ ತಂತ್ರಾಂಶ ಬರೆಯುವ ಕೆಲಸ ಮಾಡುತ್ತೇನೆ. ಕಣ್ಣಿಗೆ ದಪ್ಪ ಕನ್ನಡಕದಂಥ ಪೆಟ್ಟಿಗೆ ಕಟ್ಟಿಕೊಂಡರೆ ಸುತ್ತ ಬೇರೆಯೇ ಲೋಕ ಕಾಣುತ್ತದಲ್ಲ, ಅದು. ಈ ಪೆಟ್ಟಿಗೆ ಆಟಕ್ಕೆ, ಸಿನಿಮಾಕ್ಕೆ, ಕಾರ್ಖಾನೆಯವರ ತರಬೇತಿಗೆ ಅಂತಲೇ ಹೆಚ್ಚಿನವರಿಗೆ ಗೊತ್ತು. ಆದರೆ ಅದಕ್ಕೆ ಇನ್ನೊಂದು ಉಪಯೋಗವಿದೆ. ಸುಟ್ಟಗಾಯದ ಪಟ್ಟಿ ಬಿಚ್ಚುವಾಗ, ರಕ್ತ ತೆಗೆಯುವಾಗ, ಹಲ್ಲಿನ ಚಿಕಿತ್ಸೆ ಮಾಡುವಾಗ ಮಕ್ಕಳ ನೋವು ಕಡಿಮೆ ಮಾಡಲು ಅದನ್ನು ಬಳಸಿ ಇಪ್ಪತ್ತೈದು ವರ್ಷಗಳ ಮೇಲಾಯಿತು. ಅದು ಹೇಗೆ ಕೆಲಸ ಮಾಡುತ್ತದೆ, ನಮ್ಮಂಥ ಊರಿನ ಮಕ್ಕಳಿಗೆ ಎಷ್ಟು ದಕ್ಕೀತು ಅನ್ನೋದನ್ನು ನಾನು ಓದಿದ ಮತ್ತು ಕಂಡ ಮಟ್ಟಿಗೆ ಹೇಳುತ್ತೇನೆ.

ಕೂಸಿಗೆ ನೋವೇ ಗೊತ್ತಾಗಲ್ಲ ಅಂದಿದ್ದ ಕಾಲ

ಮಕ್ಕಳ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದದ್ದು ನಮ್ಮ ಹಳ್ಳಿಯವರು ಮಾತ್ರ ಅಲ್ಲ. 1980ರ ದಶಕದವರೆಗೆ ಇಂಗ್ಲೆಂಡ್, ಅಮೆರಿಕದ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಆಗ ತಾನೇ ಹುಟ್ಟಿದ ಕೂಸುಗಳಿಗೆ ಸರಿಯಾದ ಅರಿವಳಿಕೆ ಕೊಡದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕೂಸಿನ ನರಮಂಡಲ ಇನ್ನೂ ಬಲಿತಿರೋದಿಲ್ಲ, ಅದಕ್ಕೆ ನೋವು ತಿಳಿಯೋದಿಲ್ಲ ಎಂಬ ನಂಬಿಕೆ ಒಂದು ಕಡೆ. ಅರಿವಳಿಕೆ ಕೊಟ್ಟರೆ ಕೂಸು ತಡೆದುಕೊಳ್ಳಲಿಕ್ಕಿಲ್ಲ ಎಂಬ ಭಯ ಇನ್ನೊಂದು ಕಡೆ. ಕೂಸು ಅಲುಗಾಡದ ಹಾಗೆ ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಡುತ್ತಿದ್ದರು. ಅಲುಗಾಡಲಿಲ್ಲ ಎಂದ ಮಾತ್ರಕ್ಕೆ ನೋವಾಗಲಿಲ್ಲ ಎಂದಲ್ಲವಲ್ಲ!

ಇದನ್ನು ಪ್ರಶ್ನೆ ಮಾಡಿದವರಲ್ಲಿ ಮುಖ್ಯರು ನಮ್ಮ ದೇಶದವರೇ. ಇಂದೋರಿನ ಮಹಾತ್ಮ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜಿನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ಗೆ ಹೋದ ಡಾ. ಕನ್ವಲ್‌ಜೀತ್ ಆನಂದ್. ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಕೂಸುಗಳ ಸ್ಥಿತಿ ಯಾಕೆ ಅಷ್ಟು ಹದಗೆಡುತ್ತದೆ ಅಂತ ಅವರು ಹುಡುಕಲು ಹೊರಟರು. ಸರಿಯಾದ ಅರಿವಳಿಕೆ ಕೊಟ್ಟ ಕೂಸುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಕಡಿಮೆ ಇರುತ್ತವೆ, ಆಮೇಲಿನ ತೊಂದರೆಗಳೂ ಕಡಿಮೆ ಎಂದು 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿದರು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಸುಗಳಿಗೂ ಅರಿವಳಿಕೆ ಕೊಡಬೇಕು ಎಂದು ಹೇಳಿತು. ನನಗಿಂತ ಹತ್ತು ವರ್ಷ ದೊಡ್ಡವರು ಹುಟ್ಟುವ ಹೊತ್ತಿಗೆ ವೈದ್ಯಲೋಕ ಇಂಥದ್ದೊಂದು ಸಾದಾ ಸತ್ಯವನ್ನು ಇನ್ನೂ ಒಪ್ಪಿಕೊಳ್ಳುತ್ತಾ ಇತ್ತು ಎನ್ನುವುದನ್ನು ಓದಿದಾಗ ನನಗೆ ಸ್ವಲ್ಪ ಹೊತ್ತು ಮುಂದಿನ ಪುಟ ತಿರುವಿಹಾಕಲು ಆಗಲಿಲ್ಲ.

ಬೆಂಕಿಗೆ ಹಿಮದ ಮದ್ದು

ಎಲ್ಲ ನೋವಿಗೂ ಪೂರ್ತಿ ಅರಿವಳಿಕೆ ಕೊಡೋದಕ್ಕೆ ಆಗೋದಿಲ್ಲ. ಸುಟ್ಟಗಾಯದ ಮಗುವನ್ನೇ ನೋಡಿ. ಪಟ್ಟಿ ಬಿಚ್ಚಬೇಕು, ಗಾಯ ತೊಳೆಯಬೇಕು, ಸತ್ತ ಚರ್ಮ ತೆಗೆಯಬೇಕು, ಮುಲಾಮು ಹಚ್ಚಿ ಮತ್ತೆ ಕಟ್ಟಬೇಕು. ದಿನಾ, ಇಲ್ಲ ಎರಡು ದಿನಕ್ಕೊಮ್ಮೆ, ವಾರಗಟ್ಟಲೆ. ಪ್ರತಿ ಸಲ ಪ್ರಜ್ಞೆ ತಪ್ಪಿಸೋದು ಕಷ್ಟ. ನೋವಿನ ಔಷಧಕ್ಕೂ ಒಂದು ಮಿತಿ ಇದೆ. ಜೋರು ಔಷಧ ಹೆಚ್ಚಾದರೆ ಉಸಿರಾಟಕ್ಕೇ ತೊಂದರೆ. ಸುಮ್ಮನೆ ಮಲಗಿದಾಗಿನ ನೋವಿಗೆ ಸಾಕಾಗುವ ಔಷಧ, ಪಟ್ಟಿ ಬಿಚ್ಚುವ ಹೊತ್ತಿನ ನೋವಿಗೆ ಸಾಲೋದಿಲ್ಲ.

1996ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್‌ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಸೇರಿದರು. ಹಾಫ್‌ಮನ್ ಕೈಯಲ್ಲಿ ವಿಆರ್ ಇತ್ತು. ಜೇಡಕ್ಕೆ ಹೆದರುವವರ ಭಯ ಬಿಡಿಸಲು ಅವರು ಅದನ್ನು ಬಳಸುತ್ತಿದ್ದರು. ಪ್ಯಾಟರ್‌ಸನ್‌ಗೆ ಹಾರ್ಬರ್‌ವ್ಯೂ ಆಸ್ಪತ್ರೆಯ ಸುಟ್ಟಗಾಯದ ವಿಭಾಗದ ಅನುಭವವಿತ್ತು. 2000ದಲ್ಲಿ ಅವರು ಪ್ರಕಟಿಸಿದ ಮೊದಲ ವರದಿ ಇಬ್ಬರೇ ಇಬ್ಬರು ಹುಡುಗರದ್ದು, ಒಬ್ಬನಿಗೆ 16, ಇನ್ನೊಬ್ಬನಿಗೆ 17 ವರ್ಷ. ಗಾಯದ ಉಪಚಾರ ನಡೆಯುವಾಗ ಸ್ವಲ್ಪ ಹೊತ್ತು ಸಾಮಾನ್ಯ ವಿಡಿಯೊ ಗೇಮ್, ಸ್ವಲ್ಪ ಹೊತ್ತು ವಿಆರ್ ಕೊಟ್ಟು ನೋಡಿದರು. ಎರಡೂ ಆಟವೇ. ಆದರೂ ವಿಆರ್ ಕಟ್ಟಿಕೊಂಡಾಗ ನೋವು ಬಹಳ ಕಡಿಮೆ ಎಂದು ಇಬ್ಬರೂ ಹೇಳಿದರು.

ಆಮೇಲೆ ಸುಟ್ಟಗಾಯದವರಿಗೆಂದೇ ‘ಸ್ನೋವರ್ಲ್ಡ್’ ಎಂಬ ಲೋಕ ತಯಾರಾಯಿತು. ಮಂಜಿನ ಕಣಿವೆ. ರೋಗಿ ಅದರೊಳಗೆ ನಿಧಾನಕ್ಕೆ ಸಾಗುತ್ತಾನೆ. ಎರಡೂ ಬದಿಗೆ ಹಿಮದ ಗೊಂಬೆಗಳು, ಪೆಂಗ್ವಿನ್‌ಗಳು, ಹಿಮದ ಗುಡಿಸಲುಗಳು. ಅವುಗಳ ಮೇಲೆ ಹಿಮದುಂಡೆ ಎಸೆಯೋದೇ ಆಟ. ಬೆಂಕಿಯ ನೆನಪಿಗೆ ಸರಿಯಾಗಿ ವಿರುದ್ಧವಾದದ್ದು ಹಿಮ ಅಲ್ಲವೇ? ಅದಕ್ಕೇ ಆ ಆಯ್ಕೆ.

‘ನೋವು ಕಡಿಮೆ’ ಅಂತ ರೋಗಿ ಬಾಯಿಮಾತಿಗೆ ಹೇಳುತ್ತಿದ್ದಾನೋ, ಒಳಗೆ ನಿಜಕ್ಕೂ ಏನಾದರೂ ಬದಲಾಗಿದೆಯೋ? ಅದನ್ನೂ ನೋಡಿದರು. ಆರೋಗ್ಯವಂತ ಸ್ವಯಂಸೇವಕರ ಪಾದಕ್ಕೆ ತಡೆದುಕೊಳ್ಳುವಷ್ಟು ಬಿಸಿ ತಾಗಿಸಿ, ಅವರ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿ ಗಮನಿಸಿದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ವಿಆರ್ ಆಡುತ್ತಿದ್ದಾಗ ನೋವಿಗೆ ಸಂಬಂಧಪಟ್ಟ ಮಿದುಳಿನ ಐದು ಭಾಗಗಳಲ್ಲೂ ಚಟುವಟಿಕೆ ಗಮನಾರ್ಹವಾಗಿ ತಗ್ಗಿತ್ತು. ಅಂದರೆ ಮಗು ಬರೀ ಧೈರ್ಯ ತೋರಿಸುತ್ತಿಲ್ಲ, ಅದರ ಮಿದುಳಿಗೇ ನೋವು ಕಡಿಮೆ ಮುಟ್ಟುತ್ತಿದೆ.

ಬೆನ್ನುಹುರಿಯ ಗೇಟು

ಇದು ಹೇಗೆ ಸಾಧ್ಯ? ನಮಗೆಲ್ಲ ಗೊತ್ತಿರುವ ಒಂದು ಅನುಭವದಿಂದ ಶುರು ಮಾಡೋಣ. ಹೊಲದಲ್ಲೋ ಮೈದಾನದಲ್ಲೋ ಕ್ರಿಕೆಟ್ ಆಡುವಾಗ ಮೊಣಕಾಲು ಕೆತ್ತಿಹೋಗಿರುತ್ತದೆ. ರಕ್ತ ಹರಿಯುತ್ತಿದ್ದರೂ ಗೊತ್ತಾಗೋದಿಲ್ಲ. ಆಟ ಮುಗಿಸಿ ಮನೆಗೆ ಬಂದು, ಅವ್ವ ‘ಯಪ್ಪಾ, ಇದೇನೋ ಇದು!’ ಅಂದ ಮೇಲೆ ಉರಿ ಶುರು. ಗಾಯ ಆಗಲೂ ಅಷ್ಟೇ ಇತ್ತು, ಗಮನ ಮಾತ್ರ ಬೇರೆ ಕಡೆ ಇತ್ತು.

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ಅದನ್ನು ‘ಗೇಟ್ ಸಿದ್ಧಾಂತ’ ಎನ್ನುತ್ತಾರೆ. ರೈಲ್ವೆ ಗೇಟು ನೆನಪಿಸಿಕೊಳ್ಳಿ. ಗಾಯದಿಂದ ಹೊರಟ ನೋವಿನ ಸುದ್ದಿ ಸೀದಾ ಮಿದುಳಿಗೆ ಹೋಗೋದಿಲ್ಲ, ಬೆನ್ನುಹುರಿಯಲ್ಲಿ ಗೇಟಿನಂಥ ಒಂದು ವ್ಯವಸ್ಥೆ ದಾಟಿ ಹೋಗಬೇಕು. ಪೆಟ್ಟು ಬಿದ್ದ ಜಾಗ ತಿಕ್ಕಿದರೆ ಆ ಸ್ಪರ್ಶದ ಸುದ್ದಿ ಗೇಟನ್ನು ಅರ್ಧ ಮುಚ್ಚುತ್ತದೆ. ಅದಕ್ಕೇ ಬಡಿದ ಕೂಡಲೇ ನಮ್ಮ ಕೈ ತಾನಾಗಿ ತಿಕ್ಕಲು ಹೋಗುತ್ತದೆ. ಮೇಲಿನಿಂದ ಮಿದುಳೂ ‘ಈಗ ಗೇಟು ತೆಗಿ’, ‘ಈಗ ಹಾಕು’ ಅಂತ ಅಪ್ಪಣೆ ಕಳಿಸಬಲ್ಲದು. ಭಯವಾದರೆ ಗೇಟು ಪೂರ್ತಿ ತೆರೆಯುತ್ತದೆ, ಗಮನ ಬೇರೆ ಕಡೆ ಇದ್ದರೆ ಮುಚ್ಚುತ್ತದೆ. ಸಿದ್ಧಾಂತದ ವಿವರಗಳು ಆಮೇಲೆ ಸಾಕಷ್ಟು ತಿದ್ದುಪಡಿ ಕಂಡಿವೆ. ಆದರೆ ನೋವು ಎಂದರೆ ಗಾಯವಷ್ಟೇ ಅಲ್ಲ, ಗಮನ ಮತ್ತು ಭಯವೂ ಅದರೊಳಗಿವೆ ಎಂಬ ಮೂಲ ಮಾತು ಉಳಿದಿದೆ.

‘ಅಲ್ಲಿ ನೋಡು ಗುಬ್ಬಿ, ಅಲ್ಲಿ ನೋಡು ಕಾಗಿ’ ಅಂತ ಅಜ್ಜಿ ಕೂಸಿನ ಮುಖ ತಿರುಗಿಸುತ್ತಾಳಲ್ಲ, ಅದೂ ಇದೇ ತತ್ವ. ವಿಆರ್ ಮಾಡೋದು ಅಜ್ಜಿಯ ಕೆಲಸವನ್ನೇ. ವ್ಯತ್ಯಾಸ ಏನೆಂದರೆ, ಗುಬ್ಬಿ ಒಂದೇ ಕಡೆ ಇರುತ್ತದೆ. ಮಗು ಕತ್ತು ತಿರುಗಿಸಿದರೆ ಮತ್ತೆ ಸೂಜಿ ಕಾಣುತ್ತದೆ. ವಿಆರ್ ಪೆಟ್ಟಿಗೆ ಕಟ್ಟಿದ ಮೇಲೆ ಯಾವ ಕಡೆ ತಿರುಗಿದರೂ ಗುಬ್ಬಿಯೇ.

ಇದರ ಹಿಂದಿನ ತಂತ್ರವನ್ನು ನನ್ನ ವೃತ್ತಿಯ ಮಾತಿನಲ್ಲಿ ಹೇಳಿದರೆ ಹೀಗೆ: ಪೆಟ್ಟಿಗೆಯಲ್ಲಿ ತಲೆಯ ಚಲನೆ ಅಳೆಯುವ ಸೆನ್ಸರ್‌ಗಳಿರುತ್ತವೆ. ನೀವು ತಲೆ ತಿರುಗಿಸಿದ ತಕ್ಷಣ ಚಿತ್ರವೂ ಅಷ್ಟೇ ತಿರುಗಬೇಕು. ಇದು ಸುಮಾರು 20 ಮಿಲಿಸೆಕೆಂಡಿನೊಳಗೆ, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಆಗಬೇಕು. ತಡವಾದರೆ ಮಿದುಳು ನಂಬೋದಿಲ್ಲ, ಮೇಲಾಗಿ ತಲೆ ಸುತ್ತಿ ವಾಂತಿ ಬರುತ್ತದೆ. ಚಿತ್ರ ಕಣ್ಣಿಗೆ ಎಷ್ಟು ಅಗಲವಾಗಿ ಕಾಣುತ್ತದೆ ಎನ್ನುವುದೂ ಮುಖ್ಯ. ಅಗಲ ಕಡಿಮೆಯಾದ ಕನ್ನಡಕಕ್ಕಿಂತ ಅಗಲ ಹೆಚ್ಚಿನದರಲ್ಲಿ ನೋವು ಹೆಚ್ಚು ತಗ್ಗಿತು ಎಂದು ಹಾಫ್‌ಮನ್ ತಂಡವೇ ಪರೀಕ್ಷಿಸಿ ತೋರಿಸಿದೆ. ಇನ್ನು ಆಸ್ಪತ್ರೆಯ ಆಟಕ್ಕೆ ಬೇರೆಯೇ ಕಟ್ಟುಪಾಡು. ಮಗು ಕೈ ಬೀಸುವ ಹಾಗಿಲ್ಲ, ಎದ್ದು ನಿಲ್ಲುವ ಹಾಗಿಲ್ಲ. ತಲೆ ಸ್ವಲ್ಪ ತಿರುಗಿಸಿ ಗುರಿ ಹಿಡಿದರೆ, ಇಲ್ಲವೇ ಒಂದು ಬಟನ್ ಒತ್ತಿದರೆ ಆಟ ನಡೆಯಬೇಕು. ಸೋಲು ಗೆಲುವಿನ ಗಾಬರಿ ಇರಬಾರದು. ಯಾವ ಗಳಿಗೆಯಲ್ಲಾದರೂ ನಿಲ್ಲಿಸಲು ಬರಬೇಕು.

ನಮ್ಮ ಮನೆಯ ಹುಡುಗ

ಇಷ್ಟೆಲ್ಲ ನಾನು ಓದಿದ್ದು ನಮ್ಮ ಅಕ್ಕನ ಮಗನ ದೆಸೆಯಿಂದ. ಹುಡುಗನಿಗೆ ಆಗ ಹತ್ತು ವರ್ಷ. ಬಚ್ಚಲ ಒಲೆಯ ಮೇಲಿನ ಕುದಿಯುವ ನೀರು ತೊಡೆ, ಕಾಲಿನ ಮೇಲೆ ಬಿತ್ತು. ಕುಂದಗೋಳ ದಾಟಿ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಒಯ್ದರು. ಮೊದಲ ಸಲ ಪಟ್ಟಿ ಬಿಚ್ಚುವಾಗ ನಾಲ್ಕು ಜನ ಹಿಡಿದುಕೊಂಡಿದ್ದರಂತೆ. ಅವನು ಅವ್ವನ ಕೈ ಕಚ್ಚಿದ್ದ. ನಾನು ಊರಿಗೆ ಬಂದಾಗ ಅಕ್ಕನ ಮುಂಗೈ ಮೇಲೆ ಹಲ್ಲಿನ ಗುರುತು ಇನ್ನೂ ಇತ್ತು. ಗಾಯದ ನೋವಿಗಿಂತ ಹೆಚ್ಚಾಗಿ ಅವನನ್ನು ತಿನ್ನುತ್ತಿದ್ದದ್ದು ಮುಂದಿನ ಸಲದ ಭಯ. ಹಿಂದಿನ ರಾತ್ರಿಯಿಂದಲೇ ಊಟ ಬಿಡುತ್ತಿದ್ದ. ‘ಮಾಮಾ, ನಾಳೆ ಪಟ್ಟಿ ಬಿಚ್ಚೂದ ಐತೇನು?’ ಅಂತ ನಿದ್ದೆಯಿಂದ ಎದ್ದೆದ್ದು ಕೇಳುತ್ತಿದ್ದ.

ಆಫೀಸಿನಲ್ಲಿ ಕೇಳಿ ಒಂದು ವಿಆರ್ ಹೆಡ್‌ಸೆಟ್ ತಂದೆ. ಅದರಲ್ಲಿ ಹಿಮದುಂಡೆ ಎಸೆಯುವ ಒಂದು ಸರಳ ಆಟ ನಾನೇ ಕೂಡಿಸಿದ್ದೆ. ಡಾಕ್ಟ್ರು ಮೊದಲು ನಕ್ಕರು, ಆಮೇಲೆ ಒಪ್ಪಿದರು. ಆದರೆ ಶರತ್ತು ಹಾಕಿದರು. ನೋವಿನ ಔಷಧ ಎಂದಿನಂತೆ ಮೊದಲೇ ಕೊಡಬೇಕು. ಹೆಡ್‌ಸೆಟ್ ಒರೆಸಿ ಶುಚಿ ಮಾಡಿ ಹೊಸ ಹೊದಿಕೆ ಹಾಕಬೇಕು. ವಾಕರಿಕೆ ಬಂದರೆ ತಕ್ಷಣ ತೆಗೆಯಬೇಕು. ಹುಡುಗ ಬೇಡವೆಂದರೆ ಬಲವಂತ ಮಾಡಬಾರದು.

ಹೆಡ್‌ಸೆಟ್ ಹಾಕಿದ ಕೂಡಲೇ ಅವನು ಕೇಳಿದ ಮೊದಲ ಮಾತು, ‘ಇಷ್ಟು ಅರಳಿ ಯಾರ ಹೊಲದ್ದು ಮಾಮಾ?’ ಎರೆಹೊಲದ ಹುಡುಗನಿಗೆ ಬೆಳ್ಳಗೆ ರಾಶಿ ಬಿದ್ದದ್ದು ಅಂದರೆ ಹತ್ತಿಯೇ! ಸರಿ, ಆವತ್ತಿನಿಂದ ಅದು ಅರಳಿ ಉಂಡಿ ಎಸೆಯುವ ಆಟವಾಯಿತು. ಸಿಸ್ಟರ್ ಪಟ್ಟಿಯ ಮೇಲಿನ ಸುತ್ತು ಬಿಚ್ಚುವಾಗ ಅವನು ಎಣಿಸುತ್ತಿದ್ದ, ‘ಹನ್ನೊಂದು... ಹನ್ನೆರಡು...’ ಗಾಯಕ್ಕೆ ಅಂಟಿದ ಕೊನೆಯ ಪದರ ತೆಗೆಯುವಾಗ ಮಾತ್ರ ಚೀರಿದ. ‘ನೋಯಾಕತ್ತೈತಿ, ನೋಯಾಕತ್ತೈತಿ!’ ಸಿಸ್ಟರ್ ಕೈ ನಿಲ್ಲಿಸಿದರು. ‘ಹೌದಪ್ಪಾ, ನೋಯ್ತೈತಿ. ಸ್ವಲ್ಪ ತಡೀತೀನಿ. ನೀ ಹೂಂ ಅಂದ ಮ್ಯಾಲೆ ತೆಗೀತೀನಿ’ ಅಂದರು. ಒಂದು ಗಳಿಗೆ ಬಿಟ್ಟು ಅವನೇ ‘ಹೂಂ’ ಅಂದ.

ಪವಾಡ ಏನೂ ನಡೆಯಲಿಲ್ಲ. ಅವನು ಅತ್ತ. ಆದರೆ ನಾಲ್ಕು ಜನ ಹಿಡಿಯಬೇಕಾಗಲಿಲ್ಲ. ಮುಂದಿನ ಸಲದ ಹಿಂದಿನ ರಾತ್ರಿ ಅವನ ಪ್ರಶ್ನೆ ಬದಲಾಗಿತ್ತು: ‘ನಾಳೆ ಅರಳಿ ಆಟ ಐತಿಲ್ಲೋ ಮಾಮಾ?’ ಆ ರಾತ್ರಿ ಅಕ್ಕನೂ ಮಲಗಿದಳು.

ವಾರದ ನಂತರ ಹೆಡ್‌ಸೆಟ್ ಆಫೀಸಿಗೆ ವಾಪಸ್ ಕೊಡಬೇಕಾಯಿತು. ಆಮೇಲಿನ ಎರಡು ಸಲ ಸಿಸ್ಟರ್ ಬಾಯಿಮಾತಿನಲ್ಲೇ ಆಡಿಸಿದರು. ‘ಈಗ ಯಾರಿಗೆ ಒಗದಿ? ಎಷ್ಟು ಆದವು?’ ಅವನು ಕಣ್ಣು ಮುಚ್ಚಿ ಉತ್ತರ ಕೊಡುತ್ತಿದ್ದ. ಹೆಡ್‌ಸೆಟ್ ಇದ್ದಷ್ಟು ಸಲೀಸಾಗಲಿಲ್ಲ, ಹೆಚ್ಚು ಅತ್ತ. ಆದರೂ ‘ತಡೀತೀನಿ’ ಅಂದ ಸಿಸ್ಟರ್ ಮೇಲೆ ಅವನಿಗೆ ನಂಬಿಕೆ ಬಂದಿತ್ತು. ಆ ನಂಬಿಕೆಯ ಪಾಲು ಎಷ್ಟು, ಯಂತ್ರದ ಪಾಲು ಎಷ್ಟು ಅಂತ ಬೇರೆ ಮಾಡಿ ಅಳೆಯೋದು ಒಂದು ಮನೆಯ ಅನುಭವದಿಂದ ಆಗದ ಕೆಲಸ. ಅದಕ್ಕೆ ಸರಿಯಾದ ಪ್ರಯೋಗಗಳು ಬೇಕು.

ಮಂಗಳೂರಿನಿಂದ ಒಹಾಯೊವರೆಗೆ

ಅಂಥ ಪ್ರಯೋಗ ನಮ್ಮ ರಾಜ್ಯದಲ್ಲೇ ನಡೆದಿದೆ. ಮಂಗಳೂರಿನ ಎ.ಬಿ. ಶೆಟ್ಟಿ ಸ್ಮಾರಕ ದಂತ ವಿಜ್ಞಾನ ಸಂಸ್ಥೆಯ ಮಕ್ಕಳ ದಂತ ವಿಭಾಗದವರು 5ರಿಂದ 8 ವರ್ಷದ 120 ಮಕ್ಕಳನ್ನು ಆರಿಸಿಕೊಂಡರು. ಹುಳುಕು ಆಳಕ್ಕೆ ಇಳಿದು ಹಲ್ಲಿನ ತಿರುಳಿಗೆ ಚಿಕಿತ್ಸೆ ಬೇಕಾಗಿದ್ದ ಮಕ್ಕಳು. ಅವರನ್ನು ಎರಡು ಗುಂಪು ಮಾಡಿ ಒಂದಕ್ಕೆ ವಿಆರ್, ಇನ್ನೊಂದಕ್ಕೆ ಎಂದಿನ ವಿಧಾನ. ನೋವನ್ನು ಅಳೆಯಲು ನಗುಮುಖದಿಂದ ಅಳುಮುಖದವರೆಗೆ ಸಾಲಾಗಿ ಬರೆದ ಚಿತ್ರಗಳನ್ನು ತೋರಿಸಿ ‘ನಿನ್ನ ನೋವು ಯಾವ ಮುಖದ ಹಾಗಿದೆ?’ ಎಂದು ಕೇಳುತ್ತಾರೆ. ಇದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ವಾಂಗ್–ಬೇಕರ್ ಅಳತೆ. ಅದರ ಜೊತೆಗೆ ಮಕ್ಕಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಎಷ್ಟಿದೆ ಎಂದೂ ನೋಡಿದರು. 2019ರಲ್ಲಿ ಪ್ರಕಟವಾದ ಫಲಿತಾಂಶ ಹೇಳುವಂತೆ, ವಿಆರ್ ಗುಂಪಿನಲ್ಲಿ ನೋವು, ಆತಂಕ ಎರಡೂ ಕಡಿಮೆ. ಕಾರ್ಟಿಸೋಲ್ ಕೂಡ ಇಳಿದಿತ್ತು.

ಇನ್ನೊಂದು ಅಧ್ಯಯನ ನಮ್ಮಂಥ ಊರಿಗೆ ಹತ್ತಿರದ್ದು ಎನಿಸುತ್ತದೆ. ಯಾಕೆಂದರೆ ಅದರಲ್ಲಿ ಬಳಸಿದ್ದು ದುಬಾರಿ ಯಂತ್ರವಲ್ಲ, ಸ್ಮಾರ್ಟ್‌ಫೋನು. ಅಮೆರಿಕದ ಒಹಾಯೊ ರಾಜ್ಯದ ನೇಷನ್‌ವೈಡ್ ಮಕ್ಕಳ ಆಸ್ಪತ್ರೆಯಲ್ಲಿ 6ರಿಂದ 17 ವರ್ಷದ, ಸುಟ್ಟಗಾಯದ 90 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ವಿಆರ್ ಆಟ ಆಡಿತು, ಇನ್ನೊಂದು ಅದೇ ಲೋಕವನ್ನು ಸುಮ್ಮನೆ ನೋಡಿತು, ಮೂರನೆಯದಕ್ಕೆ ಎಂದಿನ ಸಮಾಧಾನದ ಕ್ರಮಗಳು. 2021ರಲ್ಲಿ ಬಂದ ವರದಿಯಂತೆ ಎಲ್ಲಕ್ಕಿಂತ ಕಡಿಮೆ ನೋವು ಆಡಿದ ಮಕ್ಕಳಿಗೆ. ಸುಮ್ಮನೆ ನೋಡೋದಕ್ಕಿಂತ ಏನಾದರೂ ಮಾಡೋದು ಗಮನವನ್ನು ಹೆಚ್ಚು ಹಿಡಿಯುತ್ತದೆ. ಮಗುವಿನ ಕೈಗೆ ಮೊಬೈಲ್ ಕೊಟ್ಟು ಕಾರ್ಟೂನ್ ಹಚ್ಚುವವರು ಇದನ್ನು ನೆನಪಿಡಬಹುದು.

ಹಾಗಂತ ಉಬ್ಬಿ ಹೋಗುವ ಹಾಗಿಲ್ಲ. ಜಗತ್ತಿನ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಈ ವಿಷಯವನ್ನು ಪರಿಶೀಲಿಸಿತು. 17 ಪ್ರಯೋಗಗಳು, 4ರಿಂದ 18 ವರ್ಷದ 1008 ಮಕ್ಕಳು. ಹಲವು ಕಡೆ ಲಾಭ ಕಂಡಿದ್ದರೂ, ಪ್ರಯೋಗಗಳು ಸಣ್ಣವು, ಒಂದೊಂದು ಒಂದೊಂದು ರೀತಿ, ಆದ್ದರಿಂದ ಪುರಾವೆಯ ಗಟ್ಟಿತನ ಕಡಿಮೆ ಎಂದು ಅದು ಹೇಳಿತು. ಇನ್ನೊಂದು ತೊಡಕೂ ಇದೆ. ಮಾತ್ರೆಯ ಪ್ರಯೋಗವಾದರೆ ಯಾರಿಗೆ ಔಷಧ, ಯಾರಿಗೆ ಸಕ್ಕರೆ ಗುಳಿಗೆ ಅಂತ ಗುಟ್ಟಾಗಿಡಬಹುದು. ತಲೆಗೆ ಕಟ್ಟಿದ ಪೆಟ್ಟಿಗೆಯನ್ನು ಗುಟ್ಟಾಗಿಡೋದು ಹೇಗೆ?

ಸಂಶಿಗೆ ಇದು ಬರುವುದೇ?

ತೊಂಬತ್ತರ ದಶಕದಲ್ಲಿ ವಿಆರ್ ಅಂದರೆ ಲಕ್ಷಾಂತರ ರೂಪಾಯಿಯ ಕಂಪ್ಯೂಟರು, ಮಣಭಾರದ ಟೋಪಿ. 2014ರಲ್ಲಿ ಗೂಗಲ್ ರಟ್ಟಿನ ಪೆಟ್ಟಿಗೆಯೊಳಗೆ ಫೋನ್ ಇಟ್ಟು ನೋಡುವ ‘ಕಾರ್ಡ್‌ಬೋರ್ಡ್’ ತಂದ ಮೇಲೆ, ಆ ಮಾದರಿಯ ಪೆಟ್ಟಿಗೆಗಳು ಕೆಲವು ನೂರು ರೂಪಾಯಿಗೆ ಸಿಗುವಂತಾದವು. ಒಳ್ಳೆಯ ಹೆಡ್‌ಸೆಟ್‌ಗೆ ಇವತ್ತಿಗೂ ಹತ್ತಾರು ಸಾವಿರ ಬೇಕು. ಒಂದು ಮನೆಗೆ ಅದು ಹೊರೆ. ಆದರೆ ದಿನಾ ಸುಟ್ಟಗಾಯದ ಮಕ್ಕಳನ್ನು ನೋಡುವ ಜಿಲ್ಲಾ ಮಟ್ಟದ ಆಸ್ಪತ್ರೆಗೆ ಒಂದು ಹೆಡ್‌ಸೆಟ್ ಬಹಳ ದೊಡ್ಡ ಖರ್ಚಲ್ಲ. ಊರಿನ ಆರೋಗ್ಯ ಕೇಂದ್ರಕ್ಕೆ ಅದರ ಅಗತ್ಯ ಅಷ್ಟಾಗಿ ಇಲ್ಲ. ಲಸಿಕೆ ಹಾಕೋದು ಎರಡು ಸೆಕೆಂಡಿನ ಕೆಲಸ, ಹೆಡ್‌ಸೆಟ್ ಕಟ್ಟೋದಕ್ಕೇ ಎರಡು ನಿಮಿಷ ಬೇಕು. ಗಾಯದ ಡ್ರೆಸ್ಸಿಂಗು, ಹೊಲಿಗೆ, ಹಲ್ಲಿನ ಚಿಕಿತ್ಸೆ, ಕ್ಯಾನ್ಸರ್ ಮಕ್ಕಳಿಗೆ ಮೇಲಿಂದ ಮೇಲೆ ಬೇಕಾಗುವ ಸೂಜಿಗಳು, ಹೀಗೆ ಹೊತ್ತು ಹಿಡಿಯುವ ನೋವಿನಲ್ಲೇ ವಿಆರ್‌ನ ಲಾಭ.

ಬಳಸುವವರು ಕೆಲವು ಮಾತು ನೆನಪಿಡಬೇಕು. ಇದು ನೋವಿನ ಔಷಧಕ್ಕೆ ಬದಲಿ ಅಲ್ಲ, ಅದರ ಜೊತೆಗಾರ. ಮೂರ್ಛೆರೋಗ ಇರುವ ಮಕ್ಕಳು, ಮುಖ, ತಲೆಗೆ ಗಾಯವಾದ ಮಕ್ಕಳು, ವಾಂತಿಯಾಗುತ್ತಿರುವ ಮಕ್ಕಳಿಗೆ ವೈದ್ಯರನ್ನು ಕೇಳದೆ ಹಾಕಲೇಬಾರದು. ಸಣ್ಣ ಮಕ್ಕಳ ಕತ್ತಿಗೆ ಭಾರವಾಗುತ್ತದೆ. ಮನೆಬಳಕೆಗೆ ಕಂಪನಿಗಳೇ ವಯಸ್ಸಿನ ಮಿತಿ ಹಾಕಿವೆ, ‘ಮೆಟಾ ಕ್ವೆಸ್ಟ್’ಗೆ ಅದು 10 ವರ್ಷ. ಒಬ್ಬರಿಗೆ ಕಟ್ಟಿದ್ದನ್ನು ಒರೆಸದೆ ಇನ್ನೊಬ್ಬರಿಗೆ ಕಟ್ಟಿದರೆ ಸೋಂಕು ದಾಟುತ್ತದೆ. ಕೆಲವು ಮಕ್ಕಳಿಗೆ ಏನು ಮಾಡುತ್ತಿದ್ದಾರೆ ಅಂತ ಕಣ್ಣಾರೆ ನೋಡಿದರೇ ಸಮಾಧಾನ. ಅಂಥವರಿಗೆ ಕಣ್ಣು ಕಟ್ಟಿದರೆ ಭಯ ಹೆಚ್ಚಾಗುತ್ತದೆ. ಅವರ ಇಷ್ಟವೇ ನಡೆಯಲಿ.

ಯಂತ್ರವಿಲ್ಲದೆಯೂ ಮಾಡಬಹುದಾದದ್ದು

ಲಸಿಕೆಯ ನೋವು ತಗ್ಗಿಸುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಸಲಹೆ ಕೊಟ್ಟಿದೆ. ಒಂದಕ್ಕೂ ಕರೆಂಟು ಬೇಕಿಲ್ಲ. ಎದೆಹಾಲು ಕುಡಿಯುವ ಕೂಸಾದರೆ ಸೂಜಿಯ ಹೊತ್ತಿಗೆ ಹಾಲು ಕುಡಿಸುತ್ತಿರಬೇಕು. ಸಣ್ಣ ಮಕ್ಕಳನ್ನು ಮಂಚಕ್ಕೆ ಒತ್ತಿ ಹಿಡಿಯುವ ಬದಲು ಅವ್ವನೋ ಅಪ್ಪನೋ ತೊಡೆಯ ಮೇಲೆ ನೆಟ್ಟಗೆ ಕೂಡಿಸಿ ಅಪ್ಪಿಕೊಳ್ಳಬೇಕು. ಎರಡು ಮೂರು ಸೂಜಿ ಇದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಹಾಕಬೇಕು. ಮಾತು ಸಾದಾ ಇರಬೇಕು. ‘ಬಂತು ನೋಡು ಸೂಜಿ!’ ಅನ್ನಬಾರದು, ‘ಏನೂ ಆಗೂದಿಲ್ಲ’ ಅಂತ ಸುಳ್ಳೂ ಹೇಳಬಾರದು.

ಇದರ ಜೊತೆಗೆ, ಸ್ವಲ್ಪ ದೊಡ್ಡ ಮಕ್ಕಳಿಗೆ ಏನಾದರೂ ಕೆಲಸ ಕೊಡಿ. ನೀರಗುಳ್ಳೆ ಊದೋದು, ಉಲ್ಟಾ ಎಣಿಸೋದು, ಮನೆಯ ಎತ್ತು, ಆಕಳು, ನಾಯಿಯ ಹೆಸರು ಒಂದೊಂದಾಗಿ ಹೇಳೋದು, ಏನಾದರೂ ಸರಿ. ಯಾವ ಕೈ ಅಂತ ಅವರೇ ಆರಿಸಲಿ. ರಕ್ತ ತೆಗೆಯುವ ಜಾಗಕ್ಕೆ ಒಂದು ತಾಸು ಮುಂಚೆ ಹಚ್ಚುವ ಮರಗಟ್ಟಿಸುವ ಮುಲಾಮು ನಮ್ಮಲ್ಲೂ ಸಿಗುತ್ತದೆ, ವೈದ್ಯರನ್ನು ಕೇಳಿ. ಮಾತು ಕೇಳದ ಮಗುವಿಗೆ ‘ಸೂಜಿ ಮಾಡಿಸ್ತೀನಿ’ ಅಂತ ಹೆದರಿಸೋದನ್ನು ಮಾತ್ರ ಇವತ್ತೇ ಬಿಡಿ. ಮನೆಯಲ್ಲಿ ಶಿಕ್ಷೆಯಾದ ಸೂಜಿ ಆಸ್ಪತ್ರೆಯಲ್ಲಿ ಮದ್ದಾಗೋದಾದರೂ ಹೇಗೆ? ಹಾಗೆಯೇ, ಬಿಸಿನೀರು, ಎಣ್ಣೆ ಬಿದ್ದು ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟು, ಶಾಯಿ, ಅರಿಶಿನ ಯಾವುದೂ ಬೇಡ, ಸೀದಾ ಆಸ್ಪತ್ರೆಗೆ ಒಯ್ಯಿರಿ.

ಪೆಟ್ಟಿಗೆಯೊಳಗಿನ ಹಿಮ ಎಷ್ಟು ಚೆಂದ ಬೀಳಬೇಕು ಅನ್ನೋದು ನನ್ನಂಥವರ ಕೆಲಸ, ಮಾಡುತ್ತಾ ಇರುತ್ತೇವೆ. ಬೆಲೆ ಇಳಿಯುತ್ತದೆ, ಒಂದಲ್ಲ ಒಂದು ದಿನ ಹುಬ್ಬಳ್ಳಿ, ಧಾರವಾಡದ ಪ್ರತಿ ಮಕ್ಕಳ ವಾರ್ಡಿಗೂ ಬರಬಹುದು. ಆದರೆ ಅದು ಬಂದ ಮೇಲೂ, ‘ಗಂಡ್ಸಾಗಿ ಅಳ್ತಾರೇನೋ’ ಅನ್ನುವ ಕೋಣೆಯಲ್ಲಿ ಆ ಪೆಟ್ಟಿಗೆ ಕಪಾಟಿನಲ್ಲೇ ಕೂಡುತ್ತದೆ. ಮಗುವಿನ ನೋವು ನಿಜ ಅಂತ ಒಪ್ಪಿಕೊಂಡವರು ಮಾತ್ರ ಅದನ್ನು ಹೊರಗೆ ತೆಗೆಯುತ್ತಾರೆ. ಬರುವ ಗುರುವಾರ ನಿಮ್ಮ ಮನೆಯ ಮಗು ಸೂಜಿಗೆ ಕೈ ಚಾಚುವಾಗ, ‘ನೋಯ್ತೈತಿ, ಖರೇ. ನಾ ಇಲ್ಲೇ ಇದ್ದೀನಿ’ ಅಂದು ನೋಡಿ.